ಅರ್ನ್‌ಗಿಲ್ ನೀರು ಯಾವ ಕಡೆಗೆ

ಬಾಗಿಲು ತೆರೆದಾಗ ಥರ್ಜಾ ಫಾಸೆಟ್‌ಳ ಕಣ್ಣಿಗೆ ಮೊದಲು ಬಿದ್ದದ್ದು ಆ ಹುಡುಗಿಯ ಉಗುರುಗಳು. ಅಷ್ಟೂ ಹಸಿರು. ಅಂದಕ್ಕೆ ಹಚ್ಚಿಕೊಂಡ ಹಸಿರಲ್ಲ. ದಿನವಿಡೀ ಹಸಿ ಬಟಾಣಿ ಸುಲಿದವರ ಕೈಯಂತೆ ಸಂದಿಗಳಿಗೆಲ್ಲ ಇಳಿದು ಕೂತ ಹಸಿರು.

"ಮಿಸೆಸ್ ಫಾಸೆಟ್? ನಾನು ರೋವೆನಾ. ನದಿ ಸಂಘದಿಂದ ಬಂದಿದೀನಿ. ಫೋನ್ ಮಾಡಿದ್ದೆ."

"ಹೌದು, ನೀನು ಮಾಡಿದ್ದೆ. ಒಳಗೆ ಬಾಮ್ಮ. ಬೂಟು ಬಿಚ್ಚೋದೇನೂ ಬೇಡ, ನೆಲ ಹೇಗೂ ಒರೆಸ್ಬೇಕು."

ರೋವೆನಾ ಬಂದ ಕೆಲಸ ಸರಳವಾಗಿತ್ತು. ಲಾಸ್ ನದಿಯಲ್ಲಿ ಮೀನು ಕಡಿಮೆಯಾಗುತ್ತಿದೆಯೆಂದು ಸಂಘದವರು ಅದರ ಒಂದೊಂದು ಉಪನದಿಯ ಜಲಾನಯನವನ್ನೂ ಹೊಸದಾಗಿ ನಕ್ಷೆ ಮಾಡುತ್ತಿದ್ದರು. ಯಾವ ಗುಡ್ಡದ ಮೇಲೆ ಬಿದ್ದ ಮಳೆ ಯಾವ ಹಳ್ಳ ಸೇರುತ್ತದೆ, ಯಾವ ಹಳ್ಳ ಯಾವ ನದಿ ಸೇರುತ್ತದೆ ಎಂಬುದೆಲ್ಲ ಅದರಲ್ಲಿ ಬರಬೇಕು. ಥರ್ಜಾಳ ಜಮೀನಿನ ಮೇಲಿರುವ ಅರ್ನ್‌ಗಿಲ್ ಹಳ್ಳಕ್ಕೆ ಬಣ್ಣ ಹಾಕಿ, ಅದು ಎಲ್ಲಿ ಹೊರಗೆ ಬರುತ್ತದೆ ನೋಡಲು ಅನುಮತಿ ಬೇಕಿತ್ತು. ಬಣ್ಣದಿಂದ ಕುರಿಗಾಗಲಿ ಮನುಷ್ಯರಿಗಾಗಲಿ ತೊಂದರೆಯಿಲ್ಲ ಎಂದು ರೋವೆನಾ ಎರಡು ಸಲ ಹೇಳಿದಳು.

"ಹಾಕು, ನನ್ನದೇನೂ ಅಡ್ಡಿಯಿಲ್ಲ," ಎಂದಳು ಥರ್ಜಾ, ಹಣ್ಣಿನ ಕೇಕಿನ ಮೇಲೊಂದು ಚೀಸಿನ ಹೋಳಿಟ್ಟು ಅವಳ ಮುಂದೆ ಸರಿಸುತ್ತಾ. "ಆದ್ರೆ ಸುಮ್ನೆ ಬಣ್ಣ ಹಾಳು. ಅದು ಎಲ್ಲಿಗೆ ಹೋಗತ್ತೆ ಅಂತ ನಾನೇ ಹೇಳ್ತೀನಲ್ಲ. ಕೆಳಗಡೆ ಸೇತುವೆ ಹತ್ರ ಕ್ಲಾಪರ್ ಒರತೆ ಇದೆ, ಅಲ್ಲಿ ಏಳತ್ತೆ. ಅಲ್ಲಿಂದ ಲಾಸ್ ನದಿ, ಅಲ್ಲಿಂದ ಮೋರ್ಕಮ್ ಸಮುದ್ರ."

"ಇರಬಹುದು," ಎಂದಳು ರೋವೆನಾ. "ನೋಡೋಣ."

ಆ 'ನೋಡೋಣ' ಥರ್ಜಾಳಿಗೆ ಅಷ್ಟು ಹಿಡಿಸಲಿಲ್ಲ. ಮದುವೆಯಾಗಿ ಈ ಮನೆಗೆ ಬಂದಂದಿನಿಂದ ಅವಳು ಆ ಹಳ್ಳವನ್ನು ನೋಡುತ್ತಲೇ ಬಂದವಳು.

ಅರ್ನ್‌ಗಿಲ್ ದೊಡ್ಡ ಹಳ್ಳವೇನಲ್ಲ. ಹಾಗ್ ಗುಡ್ಡದ ನೆತ್ತಿಯ ಕಪ್ಪು ಜೌಗು ನೆಲದಲ್ಲಿ ಹುಟ್ಟಿ, ಚಹಾದ ಬಣ್ಣದ ನೀರು ಹೊತ್ತು ಸುಣ್ಣಕಲ್ಲಿನ ಮೇಲೆ ಒಂದಿಷ್ಟು ದೂರ ಜಿಗಿದಾಡಿಕೊಂಡು ಬರುತ್ತದೆ. ಆಮೇಲೆ ಹುಲ್ಲು ಬೆಳೆದ ಬೋಗುಣಿಯಂಥ ತಗ್ಗೊಂದರಲ್ಲಿ, ಬಂಡೆಯ ಬುಡಕ್ಕೆ ಬಂದು, ಅಲ್ಲಿರುವ ಬಾಯಿಯೊಳಗೆ ನುಗ್ಗಿ ಕಾಣೆಯಾಗುತ್ತದೆ. ಊರವರು ಅದನ್ನು ಬಾಯಿ ಎಂದೇ ಕರೆಯುವುದು. ಅದರ ಆಚೆಗೆ ಪಾಚಿಗಲ್ಲುಗಳ ಒಣ ಕಾಲುವೆಯೊಂದು ಪಶ್ಚಿಮಕ್ಕೆ, ಲಾಸ್‌ಡೇಲಿನ ಕಡೆಗೆ ಇಳಿದುಹೋಗುತ್ತದೆ. ಜೋರು ಮಳೆಯಲ್ಲಿ ಬಾಯಿಗೆ ನುಂಗಲಾರದಷ್ಟು ನೀರು ಬಂದರೆ, ಉಕ್ಕಿದ್ದೆಲ್ಲ ಆ ಕಾಲುವೆ ಹಿಡಿದು ಓಡುತ್ತದೆ. ಮಳೆಯಿಲ್ಲದಾಗ ಅದೇ ದಾರಿಯಲ್ಲಿ ನೆಲದಡಿ ಹರಿಯುತ್ತದೆ ಎಂದು ಎಲ್ಲರೂ ತಿಳಿದಿದ್ದರು. ಮೇಲೆ ಪಶ್ಚಿಮಕ್ಕೆ ಹೋಗುವ ನೀರು ಕೆಳಗೆ ಇನ್ನೆಲ್ಲಿಗೆ ಹೋದೀತು?

ಎಲ್ಲರೂ ಎಂದರೆ ಒಬ್ಬನನ್ನು ಬಿಟ್ಟು. ಆ ಒಬ್ಬ, ಗುಡ್ಡದ ಪೂರ್ವಕ್ಕಿರುವ ಹಾಲ್‌ಡೇಲ್ ಕಣಿವೆಯಲ್ಲಿದ್ದ ಅವಳ ಮೈದುನ ಆಂಬ್ರೋಸ್.

ಮಾವನಿಗೆ ಗುಡ್ಡದ ಎರಡೂ ಮಗ್ಗುಲಲ್ಲಿ ಜಮೀನಿತ್ತು. ದೊಡ್ಡವನು, ಥರ್ಜಾಳ ಗಂಡ ಕ್ಲಿಫರ್ಡ್‌ಗೆ ಪಶ್ಚಿಮದ ಮನೆ, ಚಿಕ್ಕವನು ಆಂಬ್ರೋಸ್‌ಗೆ ಪೂರ್ವದ ಮನೆ. ನೆತ್ತಿಯ ಮೇಲಿನ ಹುಲ್ಲುಗಾವಲಿಗೆ ಕಲ್ಲುಗೋಡೆ ಕಟ್ಟಿರಲಿಲ್ಲ. ಮುದುಕ ಇಬ್ಬರು ಮಕ್ಕಳನ್ನೂ ದಿಣ್ಣೆಯ ಮೇಲೆ ನಿಲ್ಲಿಸಿಕೊಂಡು, ನೀರು ಯಾವ ಕಡೆ ಇಳಿಯುತ್ತದೋ ನೆಲ ಆ ಕಡೆಯವನದು ಎಂದು ಕೋಲು ತೋರಿಸಿ ಹೇಳಿದ್ದ. ಅದು ಯಾರಿಗೂ ಅರ್ಥವಾಗುವ ಮಾತಾಗಿತ್ತು. ಕೆಲವು ವರ್ಷ ಹಾಗೆಯೇ ನಡೆಯಿತು. ಆಮೇಲೊಮ್ಮೆ ಗುಡ್ಡದ ಮೇಲೆ ಗುಡುಗು ಮಳೆ ಹೊಡೆದ ಮರುದಿನ ಆಂಬ್ರೋಸ್ ಈ ಮನೆಗೆ ಬಂದು, ತನ್ನ ಒರತೆಯ ನೀರು ಕಂದಾಗಿದೆ, ತನ್ನ ಮಗ್ಗುಲಲ್ಲಿ ಜೌಗು ಮಣ್ಣೇ ಇಲ್ಲ, ಅದು ಅರ್ನ್‌ಗಿಲ್ ನೀರಲ್ಲದೆ ಬೇರೆಯಲ್ಲ ಎಂದ. ಹಾಗಿದ್ದರೆ ಅರ್ನ್‌ಗಿಲ್ ಹುಲ್ಲುಗಾವಲೂ ತನ್ನದೇ. ಕ್ಲಿಫರ್ಡ್ ನಕ್ಕ. ನಿನ್ನ ಕಡೆ ನೀರು ಗುಡ್ಡ ಹತ್ತುತ್ತದೇನೋ ಎಂದ. ಮಾತು ಅಲ್ಲಿಗೆ ನಿಲ್ಲದೆ ಟಗರು ಸಂತೆಯ ತನಕ ಹೋಯಿತು. ಅಲ್ಲಿ ಎರಡು ಕಣಿವೆಯ ಜನರೆದುರು ಅಣ್ಣ ತಮ್ಮನನ್ನು ಸುಳ್ಳ ಎಂದು ಕರೆದ. ಅಂದಿನಿಂದ ಇಬ್ಬರಿಗೂ ಮಾತಿಲ್ಲ. ಕ್ಲಿಫರ್ಡ್ ಸತ್ತಾಗ ಆಂಬ್ರೋಸ್ ಪ್ರಾರ್ಥನೆಗೆ ಬಂದು ಚಾಪೆಲ್‌ನ ಹಿಂದಿನ ಬೆಂಚಿನಲ್ಲಿ ಕೂತಿದ್ದು, ಊಟಕ್ಕೆ ನಿಲ್ಲದೆ ಹೊರಟುಹೋಗಿದ್ದ.

ಇದನ್ನೆಲ್ಲ ಥರ್ಜಾ ರೋವೆನಾಗೆ ಹೇಳಲಿಲ್ಲ. ಇನ್ನೊಂದನ್ನೂ ಹೇಳಲಿಲ್ಲ. ಹೋದ ವರ್ಷ ಅಕ್ಟೋಬರ್‌ನಲ್ಲಿ ಅವಳು ಕ್ಲಿಫರ್ಡ್‌ನ ಬೂದಿಯನ್ನು ಅದೇ ಬಾಯಿಗೆ ಸುರಿದು ಬಂದಿದ್ದಳು.

ಅದು ಅವನೇ ಕೇಳಿಕೊಂಡದ್ದು. ಹಾಸಿಗೆ ಹಿಡಿದ ಕೊನೆಯ ದಿನಗಳಲ್ಲಿ ಒಂದು ಮಧ್ಯಾಹ್ನ, "ನನ್ನ ಅರ್ನ್‌ಗಿಲ್ ಬಾಯಿಗೆ ಹಾಕ್ಬಿಡು," ಎಂದಿದ್ದ.

"ಚಾಪೆಲ್ ಪಕ್ಕದ ಸ್ಮಶಾನದಲ್ಲಿ ನಿಮ್ಮಪ್ಪ ಅಮ್ಮ ಇದಾರಲ್ಲ?"

"ಅಲ್ಲಿ ಬೇಡ. ನೀರಿಗೆ ಹಾಕು. ಅದು ತಗೊಂಡು ಹೋಗತ್ತೆ."

ಎಲ್ಲಿಗೆ ಎಂದು ಅವಳು ಕೇಳಲಿಲ್ಲ. ಕೇಳುವ ಅಗತ್ಯ ಕಂಡಿರಲಿಲ್ಲ. ಮದುವೆಯಾದ ಹೊಸತರಲ್ಲಿ ಇಬ್ಬರೂ ಮೋರ್ಕಮ್‌ಗೆ ಹೋಗಿದ್ದರು. ಕ್ಲಿಫರ್ಡ್ ಸಮುದ್ರ ಕಂಡದ್ದು ಅದೇ ಮೊದಲು. ಸಿಗಡಿ ತಿಂದು, ನೀರು ಹಿಂದೆ ಸರಿದ ಮರಳಿನ ಮೇಲೆ ಬೂಟು ಕೈಯಲ್ಲಿ ಹಿಡಿದು ನಡೆದಿದ್ದರು. ಬೂದಿ ಸುರಿಯುವಾಗ ಅವಳ ಮನಸ್ಸಿನಲ್ಲಿದ್ದದ್ದು ಆ ಮರಳು. ಆಮೇಲೂ, ಟೀವಿಯಲ್ಲಿ ಹವಾಮಾನದ ನಕ್ಷೆ ಬಂದಾಗಲೆಲ್ಲ ಅವಳ ಕಣ್ಣು ತಾನಾಗಿಯೇ ಪಶ್ಚಿಮದ ತೀರಕ್ಕೆ ಹೋಗುತ್ತಿತ್ತು.

ರೋವೆನಾ ಮರುದಿನ ಬೆಳಿಗ್ಗೆ ಬಣ್ಣ ಹಾಕಿದಳು. ಥರ್ಜಾಳೂ ಕೋಲೂರಿಕೊಂಡು ನೋಡಲು ಹೋದಳು. ಇಟ್ಟಿಗೆಯ ಪುಡಿಯಂತಿದ್ದ ಕೆಂಪು ಪುಡಿ ನೀರಿಗೆ ಬಿದ್ದದ್ದೇ ತಡ, ಹಳ್ಳವೆಲ್ಲ ಕಣ್ಣು ಕುಕ್ಕುವ ಹಸಿರಾಗಿ ತಿರುಗುತ್ತಾ ಬಾಯಿಯೊಳಗೆ ಇಳಿದುಹೋಯಿತು. ಒರತೆಗಳಲ್ಲೆಲ್ಲ ಇದ್ದಲಿನ ಚಿಕ್ಕ ಚಿಕ್ಕ ಚೀಲ ಕಟ್ಟಿಟ್ಟಿದೆ, ಕಣ್ಣಿಗೆ ಕಾಣದಷ್ಟು ಬಣ್ಣ ಬಂದರೂ ಇದ್ದಲು ಹಿಡಿದಿಟ್ಟುಕೊಳ್ಳುತ್ತದೆ ಎಂದು ರೋವೆನಾ ವಿವರಿಸಿದಳು. ಅವನ್ನು ಕಟ್ಟಿದ್ದೂ ತೆಗೆಯುವುದೂ ಬೇರೆಯವರ ಕೆಲಸ. ಅವಳ ಕೈ ಮುಟ್ಟಿದರೆ ಎಲ್ಲವೂ ಹಸಿರೇ.

"ಹಾಲ್‌ಡೇಲ್‌ನಲ್ಲೂ ಕಟ್ಟಿದೀರಾ?"

"ಎಲ್ಲ ಕಡೆ ಕಟ್ಟಿದೀವಿ."

"ಅಲ್ಲಿ ಯಾಕೆ? ಅದು ಬೇರೆ ನದಿ. ಅದು ಆ ಕಡೆ ಸಮುದ್ರಕ್ಕೆ ಹೋಗತ್ತೆ."

"ಸುಮ್ನೆ, ಇರಲಿ ಅಂತ," ಎಂದಳು ರೋವೆನಾ.

ವಾರ ಕಳೆಯುವುದರೊಳಗೆ ಅವಳು ಮತ್ತೆ ಬಂದಳು. ಈ ಸಲ ಕೇಕು ಮುಟ್ಟಲಿಲ್ಲ. ಹೇಳಬೇಕಾದ್ದನ್ನು ಹೇಗೆ ಹೇಳುವುದೆಂದು ತಿಳಿಯದವಳಂತೆ ಕೂತು, ಕೊನೆಗೆ ನೇರವಾಗಿಯೇ ಹೇಳಿದಳು. "ಬಣ್ಣ ಹಾಲ್‌ಡೇಲ್‌ನಲ್ಲಿ ಬಂತು, ಮಿಸೆಸ್ ಫಾಸೆಟ್. ಇನ್ನೊಬ್ಬರು ಫಾಸೆಟ್ ಇದಾರಲ್ಲ, ಆಂಬ್ರೋಸ್ ಅಂತ, ಅವರ ಒರತೇಲಿ. ಇದ್ದಲು ನೋಡೋದೇ ಬೇಕಾಗ್ಲಿಲ್ಲ. ಕಣ್ಣಿಗೇ ಕಾಣೋ ಹಾಗೆ ಹಸಿರಾಗಿತ್ತಂತೆ. ಅವರ ಕುರಿಗಳ ತೊಟ್ಟಿ ಎಲ್ಲ."

ಥರ್ಜಾ ಚಹಾ ಕುದಿಸಲೆಂದು ಎದ್ದವಳು ಕೆಟಲ್ ಹಿಡಿದು ನಿಂತೇ ಇದ್ದಳು. "ಗುಡ್ಡ ಅಡ್ಡ ಇದೆಯಲ್ಲಮ್ಮ."

"ಗುಡ್ಡದ ಅಡೀಲಿ ಹೋಗ್ತಿದೆ. ಸುಣ್ಣಕಲ್ಲಲ್ಲಿ ಬಿರುಕು ಇರತ್ತೆ, ನೀರಿಗೆ ಮೇಲಿನ ದಿಣ್ಣೆ ಲೆಕ್ಕಕ್ಕಿಲ್ಲ."

"ಹಾಗಾದ್ರೆ ಲಾಸ್‌ಡೇಲ್‌ಗೆ ಬರೋದೇ ಇಲ್ವಾ?"

ರೋವೆನಾ ತನ್ನ ಹಸಿರು ಉಗುರು ನೋಡಿಕೊಂಡಳು. "ಅದೇ ವಿಚಿತ್ರ. ಕ್ಲಾಪರ್ ಒರತೇಲಿ ಏನೂ ಇಲ್ಲ. ಆದ್ರೆ ಲಾಸ್ ನದೀಲೇ ಇಟ್ಟಿದ್ದ ಚೀಲದಲ್ಲಿ ಬಣ್ಣ ಸ್ವಲ್ಪ ಸಿಕ್ಕಿದೆ. ಹಾಕಿದ ಮಾರನೇ ದಿನ ಮಳೆ ಬಂತಲ್ಲ, ಬಾಯಿ ಹತ್ರ ಸುತ್ತುತ್ತಾ ಉಳಿದಿದ್ದು ಉಕ್ಕಿ ಕಾಲುವೇಲಿ ಹೋಗಿರ್ಬೇಕು. ಅಂದ್ರೆ ನೀರು ಕಡಿಮೆ ಇದ್ದಾಗ ಅರ್ನ್‌ಗಿಲ್ ಪೂರ್ವಕ್ಕೆ ಸೇರಿದ್ದು. ಜಾಸ್ತಿ ಆದಾಗ ಎರಡೂ ಕಡೆಗೆ."

"ಎರಡೂ ಕಡೆಗೆ," ಎಂದು ಥರ್ಜಾ ಅವಳ ಮಾತನ್ನೇ ಹೇಳಿದಳು.

ರೋವೆನಾ ಹೋದ ಮೇಲೆ ಥರ್ಜಾ ಚಹಾ ಮಾಡಿಕೊಂಡು, ಅದನ್ನು ಅಲ್ಲಿಯೇ ಮರೆತು, ಇನ್ನೊಮ್ಮೆ ಮಾಡಿಕೊಂಡಳು. ಅವಳಿಗೆ ದುಃಖವಾಯಿತು ಎನ್ನುವಂತಿರಲಿಲ್ಲ. ದುಃಖಕ್ಕೆ ಒಂದು ಜಾಗ ಬೇಕು, ಅದು ಇಷ್ಟು ದಿನ ಮೋರ್ಕಮ್‌ನ ಮರಳಿನ ಮೇಲಿತ್ತು. ಈಗ ಅದನ್ನು ಎತ್ತಿ ಎಲ್ಲಿಡಬೇಕೋ ತಿಳಿಯದು. ಆಂಬ್ರೋಸ್‌ನ ತೊಟ್ಟಿಯಲ್ಲೇ? ಪೂರ್ವದ ಸಮುದ್ರದಲ್ಲೇ? ಆ ಸಮುದ್ರವನ್ನು ಕ್ಲಿಫರ್ಡ್ ಕಣ್ಣಿಂದ ಕಂಡವನೇ ಅಲ್ಲ. ಒಮ್ಮೆ ನಗು ಬಂತು. ನಕ್ಕಿದ್ದಕ್ಕೆ ಸಿಟ್ಟು ಬಂತು. ಸಿಟ್ಟು ಯಾರ ಮೇಲೆ ಎಂಬುದೂ ಗೊತ್ತಾಗಲಿಲ್ಲ.

ಕೊನೆಗೆ ಎಲ್ಲವೂ ಒಂದೇ ಪ್ರಶ್ನೆಗೆ ಬಂದು ನಿಂತಿತು: ಅಂದು ಹಳ್ಳದಲ್ಲಿ ನೀರೆಷ್ಟಿತ್ತು?

ಅದು ತನಗೆ ನೆನಪಿಲ್ಲವೆಂದು ತಿಳಿದಾಗ ಥರ್ಜಾಳಿಗೆ ನಾಚಿಕೆಯಾಯಿತು. ಕುರಿಗಳನ್ನು ಗುಡ್ಡದಿಂದ ಇಳಿಸಿಯಾಗಿತ್ತು, ಅದು ನೆನಪಿದೆ. ಗಾಳಿಯಿತ್ತು. ಬೂದಿ ಅವಳು ಎಣಿಸಿದ್ದಕ್ಕಿಂತ ಭಾರವಿತ್ತು, ಬಿಳಿಯಾಗಿತ್ತು. ಸುರಿದ ಮೇಲೆ ಪಾತ್ರೆಯನ್ನು ಅದೇ ನೀರಿನಲ್ಲಿ ತೊಳೆಯಲೋ ಬೇಡವೋ ಎಂದು ಯೋಚಿಸಿದ್ದು ನೆನಪಿದೆ. ಆದರೆ ನೀರು?

ಸ್ಕಿಪ್ಟನ್‌ನಲ್ಲಿದ್ದ ಮಗಳು ಹೀದರ್‌ಗೆ ಫೋನ್ ಮಾಡಿದಳು.

"ಮಳೆ ಬರ್ತಿತ್ತಮ್ಮ," ಎಂದಳು ಹೀದರ್. "ನಿನ್ನ ತಲೆ ಮೇಲೆ ಕೊಡೆ ಹಿಡಿದಿದ್ದು ನಾನೇ ಅಲ್ವಾ. ಗಾಳಿಗೆ ಅದು ಉಲ್ಟಾ ಆಗಿ, ಕಡ್ಡಿ ಮುರೀತು. ಯಾಕೆ ಈಗ?"

"ಏನಿಲ್ಲ. ಸುಮ್ನೆ."

"ಸುಮ್ನೆ ಅಂತ ನೀನು ಯಾವತ್ತು ಫೋನ್ ಮಾಡಿದೀಯ?"

ಮಳೆ ಎಂದ ಮೇಲೆ ಪಶ್ಚಿಮ. ಥರ್ಜಾಳಿಗೆ ಅರ್ಧ ದಿನ ಸಮಾಧಾನವಾಗಿತ್ತು. ಸಂಜೆಯ ಹೊತ್ತಿಗೆ ಪಕ್ಕದ ಜಮೀನಿನ ಡೆನ್ನಿಸ್ ತನ್ನ ನಾಯಿಯನ್ನು ಹುಡುಕಿಕೊಂಡು ಬಂದ. ಅಂದು ಬೂದಿಯ ಪಾತ್ರೆಯನ್ನು ಗುಡ್ಡದ ಮೇಲಕ್ಕೆ ಹೊತ್ತು ತಂದವನು ಅವನೇ. ಅವನನ್ನೂ ಕೇಳಿದಳು.

"ಒಣಗಿತ್ತು," ಎಂದ ಡೆನ್ನಿಸ್ ಒಂಚೂರೂ ತಡೆಯದೆ. "ನಾನು ಚಾಪೆಲ್ ಬೂಟು ಹಾಕ್ಕೊಂಡು ಬಂದಿದ್ದೆ, ಒಳ್ಳೇದು. ಕಾಲುವೆ ದಾಟಿ ಆ ಕಡೆ ನಿಂತ್ಕೊಂಡೆ. ಒದ್ದೆ ಆಗಿದ್ರೆ ನನ್ನ ಹೆಂಡ್ತಿ ಇವತ್ತಿಗೂ ಹೇಳ್ತಿದ್ಲು."

"ಹೀದರ್ ಮಳೆ ಅಂತಾಳೆ."

"ಮಳೆ ಬಂತು, ಇಲ್ಲ ಅನ್ನಲ್ಲ. ಇಳೀವಾಗ ಬಂತೋ, ಹತ್ತುವಾಗ ಬಂತೋ. ಮಳೆ ಬಂದ ತಕ್ಷಣ ಹಳ್ಳ ಏರಲ್ವಲ್ಲ ಥರ್ಜಾ." ಅವನು ಕೋಟಿನ ತೋಳು ತಡವಿಕೊಂಡ. "ಕ್ಲಿಫ್ ಸ್ವಲ್ಪ ನನ್ನ ಮೈಮೇಲೆ ಬಂದಿದ್ದ ನೋಡು. ಗಾಳಿ ಪಶ್ಚಿಮದಿಂದ ಇತ್ತು. ಅಷ್ಟು ಮಾತ್ರ ಆಣೆ ಮಾಡಿ ಹೇಳ್ತೀನಿ."

ಇಬ್ಬರೂ ಸುಳ್ಳು ಹೇಳುವವರಲ್ಲ. ಇಬ್ಬರ ಮಾತೂ ಏಕಕಾಲಕ್ಕೆ ನಿಜವಾಗಿರಬಹುದು. ಥರ್ಜಾ ಮರುದಿನ ಒಬ್ಬಳೇ ಬಾಯಿಯ ಬಳಿ ಹೋದಳು. ಅಂದು ನಿಂತ ಕಲ್ಲಿನ ಮೇಲೆ ನಿಂತರೆ ಏನಾದರೂ ನೆನಪಾದೀತೆಂದುಕೊಂಡಿದ್ದಳು. ಹೋಗಿ ನೋಡಿದರೆ ಯಾವ ಕಲ್ಲೆಂದೇ ಗೊತ್ತಾಗಲಿಲ್ಲ. ನೀರು ನೆರಳಿನಿಂದ ಬಂದು ಕತ್ತಲಿಗೆ ಹೋಗುತ್ತಿತ್ತು. ಅದರ ಮೇಲೆ ಒಂದು ಎಲೆ ತೇಲಿಬಂದು, ಬಾಯಿಯ ಮುಂದೆ ಸುತ್ತಿ, ಒಳಗೂ ಹೋಗದೆ ಆಚೆಗೂ ಹೋಗದೆ ಸುತ್ತುತ್ತಲೇ ಇತ್ತು. ಅವಳು ಕೋಲಿನಿಂದ ತಳ್ಳಲು ಹೋಗಿ, ಯಾವ ಕಡೆ ತಳ್ಳಬೇಕೆಂದು ತಿಳಿಯದೆ ಕೈ ಹಿಂತೆಗೆದುಕೊಂಡಳು.

ಅಲ್ಲಿಂದ ಮನೆಗೆ ಇಳಿಯಬೇಕಾದವಳು ದಿಣ್ಣೆ ಹತ್ತಿದಳು. ಹೀಗೆ ಮಾಡಬೇಕೆಂದು ನಿರ್ಧರಿಸಿ ಹೊರಟದ್ದಲ್ಲ. ನೆತ್ತಿ ದಾಟಿದ್ದು ಎಲ್ಲಿ ಎಂಬುದೂ ಅವಳಿಗೆ ತಿಳಿಯಲಿಲ್ಲ. ಹಾಲ್‌ಡೇಲಿನ ಮಗ್ಗುಲಲ್ಲಿ ಆಂಬ್ರೋಸ್‌ನ ಮನೆಯ ಚಿಮಣಿ ಕಂಡಾಗ, ಅಷ್ಟು ದೂರ ಬಂದು ತಿರುಗಿ ಹೋಗುವುದು ಇನ್ನೂ ಕಷ್ಟ ಎನಿಸಿತು.

ಬಾಗಿಲು ತೆರೆದ ಆಂಬ್ರೋಸ್ ಅವಳನ್ನು ಮೇಲಿಂದ ಕೆಳಗೆ ನೋಡಿದ. ಅವನು ಕುಗ್ಗಿದ್ದ, ಸೊಂಟ ಒಂದು ಕಡೆಗೆ ವಾಲಿತ್ತು. ಮೂಗು ಮಾತ್ರ ಕ್ಲಿಫರ್ಡ್‌ನದೇ.

"ಯಾರಾದ್ರೂ ಸತ್ರಾ?"

"ಇಲ್ಲ. ಸತ್ತವನು ಆಗ್ಲೇ ಸತ್ತಿದಾನೆ."

"ಹಾಗಾದ್ರೆ ಒಳಗೆ ಬಾ. ಗಾಳಿ ನುಗ್ತಿದೆ."

ಒಲೆಯ ಪಕ್ಕ ಮುದಿ ನಾಯಿಯೊಂದು ಮಲಗಿತ್ತು. ಆಂಬ್ರೋಸ್ ಅದನ್ನು ಕಾಲಿಂದ ಸರಿಸಿ ಕುರ್ಚಿ ಎಳೆದುಕೊಟ್ಟ, ಕೇಳದೆಯೇ ಚಹಾ ಬಸಿದುಕೊಟ್ಟ. ನಡೆದು ದಣಿದಿದ್ದ ಥರ್ಜಾ ಅರ್ಧ ಬಟ್ಟಲು ಒಂದೇ ಗುಟುಕಿಗೆ ಕುಡಿದಳು.

"ಹಸಿರು ನೀರಿನ ವಿಷಯಕ್ಕೆ ಬಂದಿದೀಯ," ಎಂದ ಅವನು. "ನನ್ನ ಟಗರುಗಳ ಮೂತಿ ನೋಡ್ಬೇಕಿತ್ತು. ಹಬ್ಬಕ್ಕೆ ಅಲಂಕಾರ ಮಾಡಿದ ಹಾಗೆ. ಮೊದಲು ಹೆದರ್ಕೊಂಡೆ. ಆಮೇಲೆ ಆ ಹುಡುಗಿ ಬಂದು ಎಲ್ಲಿ ಹಾಕಿದ್ದು ಅಂತ ಹೇಳಿದ್ಲು. ಕುರ್ಚಿ ಹಿಡ್ಕೊಂಡು ಕೂತ್ಬಿಟ್ಟೆ."

"ನೀನು ಹೇಳಿದ್ದೇ ಸರಿ ಆಯ್ತು."

"ನಾನು ಹೇಳಿದ್ದು ಸರಿ ಅಂತ ನನಗೆ ಮೊದಲೇ ಗೊತ್ತಿತ್ತು. ಆದ್ರೆ ಯಾರ ಮುಂದೆ ಹೋಗಿ ಹೇಳ್ಲಿ? ಕೇಳ್ಬೇಕಾದವನೇ ಇಲ್ಲ." ಅವನು ತನ್ನ ಬಟ್ಟಲಿಗೂ ಚಹಾ ಬಸಿದುಕೊಂಡ. "ಎರಡು ದಿನ ಗೆದ್ದೆ ಅಂತ ಖುಷಿಯಾಗಿ ಓಡಾಡ್ದೆ. ಆಮೇಲೆ ಅದೂ ಸಪ್ಪೆ ಆಯ್ತು."

ಥರ್ಜಾ ತನ್ನ ಬಟ್ಟಲನ್ನು ನೋಡಿದಳು, ಆಮೇಲೆ ನಲ್ಲಿಯನ್ನು. "ಆಂಬ್ರೋಸ್, ಈ ಚಹಾ ಯಾವ ನೀರಿಂದು?"

"ಯಾವ ನೀರು ಅಂದ್ರೆ? ಒರತೆ ನೀರು. ಈಗ ಬಣ್ಣ ಇಲ್ಲ, ಸ್ವಚ್ಛ ಇದೆ."

"ಯಾವಾಗಲೂ ಇದೇ ನೀರಾ? ಕುಡಿಯೋಕೆ, ಅಡುಗೆಗೆ?"

"ನಮ್ಮಪ್ಪ ಪೈಪು ಹಾಕಿದಾಗಿಂದ. ಏನಾಯ್ತೇ ನಿನಗೆ?"

ಆಗ ಅವಳು ಹೇಳಿದಳು. ಮೊದಲಿಂದ ಹೇಳಲು ಹೋಗಿ ಮಧ್ಯದಿಂದ ಶುರು ಮಾಡಿ, ಕೊಡೆಯ ಕಡ್ಡಿ, ಡೆನ್ನಿಸ್‌ನ ಬೂಟು, ಎಲ್ಲವನ್ನೂ ಕಲಸಿ, ಕೊನೆಗೆ ಕ್ಲಿಫರ್ಡ್‌ನ ಬೂದಿಯನ್ನು ಬಾಯಿಗೆ ಹಾಕಿದ್ದಕ್ಕೆ ಬಂದಳು.

ಆಂಬ್ರೋಸ್ ಬಟ್ಟಲನ್ನು ಮೇಜಿನ ಮೇಲಿಟ್ಟ. ಅದನ್ನು ಬೆರಳಿನಿಂದ ತುಸು ದೂರ ಸರಿಸಿದ.

"ಪೂರ್ತಿ?"

"ಪೂರ್ತಿ. ಸ್ವಲ್ಪ ಡೆನ್ನಿಸ್ ಕೋಟಿಗೆ ಹೋಯ್ತು."

ಆಂಬ್ರೋಸ್‌ನ ಭುಜ ಅಲುಗಿತು. ಅಳುತ್ತಿದ್ದಾನೆಂದುಕೊಂಡು ಥರ್ಜಾ ಎದ್ದಳು. ಅವನು ನಗುತ್ತಿದ್ದ. ಸದ್ದಿಲ್ಲದೆ, ಕಣ್ಣಲ್ಲಿ ನೀರು ಬರುವಷ್ಟು. "ನನ್ನ ಮನೆಯೊಳಗೆ ಕಾಲಿಡಲ್ಲ ಅಂತ ಸಂತೇಲಿ ಹೇಳಿದ್ದ," ಎಂದ. "ಬಂದೇಬಿಟ್ಟ. ಕಾಲು ಮಾತ್ರ ಇಟ್ಟಿಲ್ಲ ನೋಡು."

"ನಗಬೇಡ. ಅವನು ಹೀಗಾಗ್ಲಿ ಅಂತ ಬಯಸಿರ್ಲಿಲ್ಲ. ಅವನು ಮೋರ್ಕಮ್‌ಗೆ ಹೋಗ್ಬೇಕಿತ್ತು."

"ಹಾಗಂತ ಹೇಳಿದ್ನಾ?"

ಥರ್ಜಾ ಆ ಮಧ್ಯಾಹ್ನದ ಮಾತನ್ನು ನೆನಪಿಸಿಕೊಂಡಳು. ನೀರು ತಗೊಂಡು ಹೋಗತ್ತೆ ಎಂದಿದ್ದ. ಮೋರ್ಕಮ್ ಎಂಬ ಹೆಸರನ್ನು ಅವನು ಅಂದು ಎತ್ತಿರಲಿಲ್ಲ. ಅದು ಅವಳೇ ಸೇರಿಸಿಕೊಂಡದ್ದು.

"ಅವನಿಗೆ ಗೊತ್ತಿತ್ತು, ಥರ್ಜಾ," ಎಂದ ಆಂಬ್ರೋಸ್. ನಗು ನಿಂತಿತ್ತು.

"ಏನು ಗೊತ್ತಿತ್ತು?"

"ನೀರು ಇಲ್ಲಿಗೆ ಬರತ್ತೆ ಅಂತ. ನಾವಿಬ್ರೂ ಚಡ್ಡಿ ಹಾಕೋ ಕಾಲದಲ್ಲೇ ನೋಡಿದ್ವಿ. ಕೊಟ್ಟಿಗೇಲಿದ್ದ ಓಟ್ಸ್ ಹೊಟ್ಟು ಒಂದು ಮೂಟೆ ಕದ್ಕೊಂಡು ಹೋಗಿ ಅವನು ಬಾಯಿಗೆ ಸುರಿದ. ನಾನು ಇಲ್ಲಿ ಒರತೆ ಹತ್ರ ಕಾಯ್ತಾ ಕೂತೆ. ಕತ್ತಲಾಗೋ ತನಕ ಕೂತ್ರೂ ಏನೂ ಬರ್ಲಿಲ್ಲ, ಎದ್ದು ಬಂದೆ. ಬೆಳಿಗ್ಗೆ ನೋಡಿದ್ರೆ ತೊಟ್ಟಿ ತುಂಬ ಹೊಟ್ಟು. ಅವನನ್ನ ಎಳ್ಕೊಂಡು ಬಂದು ತೋರಿಸ್ದೆ. ಹೊಟ್ಟು ಹಾಳು ಮಾಡಿದ್ದಕ್ಕೆ ಅಪ್ಪ ಇಬ್ಬರಿಗೂ ಬಾರಿಸ್ದ."

"ಮತ್ತೆ ನೀನು ಅದನ್ನ ಯಾಕೆ ಹೇಳ್ಲಿಲ್ಲ? ಸಂತೇಲಿ, ಜನರ ಮುಂದೆ?"

"ಹೇಳ್ದೆ. ನೆನಪಿಲ್ಲ ಅಂದ. ನನ್ನ ಮುಖ ನೋಡ್ಕೊಂಡೇ ಅಂದ."

ಥರ್ಜಾ ಕೂತಳು. ಅವಳ ಬಾಳಿನಲ್ಲಿ ಕ್ಲಿಫರ್ಡ್ ಸಿಡುಕ, ಹಟಮಾರಿ, ಚಳಿಗಾಲದಲ್ಲಿ ವಾರಗಟ್ಟಲೆ ಮಾತಾಡದೆ ಇರಬಲ್ಲವನು. ಸುಳ್ಳನಲ್ಲ. ಹುಲ್ಲುಗಾವಲಿನ ಆಸೆಗೆ ಒಂದು ಸಲ ಸುಳ್ಳು ಹೇಳಿ, ಆಮೇಲೆ ಅದನ್ನೇ ನಂಬಿಬಿಟ್ಟನೇ? ನಿಜಕ್ಕೂ ಮರೆತಿದ್ದನೇ? ಮರೆಯದೆ ಇದ್ದವನಾದರೆ, ಹಾಸಿಗೆಯ ಮೇಲೆ ಮಲಗಿ ಬಾಯಿಗೆ ಹಾಕು ಎಂದನಲ್ಲ, ಆಗ ಯಾವ ಕಡೆಗೆ ಹೋಗುವುದು ಅವನ ಮನಸ್ಸಿನಲ್ಲಿತ್ತು? ಒಂದೇ ಹಾಸಿಗೆಯಲ್ಲಿ ಅಷ್ಟು ವರ್ಷ ಮಲಗಿದ ಮನುಷ್ಯನ ತಲೆಯೊಳಗಿನ ನೀರು ಯಾವ ಮಗ್ಗುಲಿಗೆ ಇಳಿಯುತ್ತಿತ್ತೆಂದು ತನಗೆ ಗೊತ್ತೇ ಇರಲಿಲ್ಲ ಎಂಬಂತೆ ಅವಳು ಒಲೆಯ ಕಡೆ ನೋಡುತ್ತಾ ಕೂತಳು.

"ಹೋದ ವರ್ಷ ಒಂದ್ಸಲ ಒರತೆ ಬೆಳ್ಳಗಾಗಿತ್ತು," ಎಂದ ಆಂಬ್ರೋಸ್ ನಿಧಾನವಾಗಿ. "ಹಾಲು ಬೆರೆಸಿದ ಹಾಗೆ. ಒಳಗೆಲ್ಲೋ ಸುಣ್ಣಕಲ್ಲು ಕುಸಿದಿರ್ಬೇಕು ಅಂದ್ಕೊಂಡೆ."

"ಯಾವಾಗ?"

"ಅದೇ ನೆನಪಾಗ್ತಿಲ್ಲ. ಅಕ್ಟೋಬರ್ರೋ. ನವೆಂಬರ್ ಇರಬಹುದು. ಕ್ರಿಸ್‌ಮಸ್‌ಗೆ ಮುಂಚೆ ಅಂತೂ ಹೌದು."

"ಸರಿಯಾಗಿ ನೆನಪು ಮಾಡ್ಕೊ."

"ಮಾಡ್ಕೊಳ್ತಾನೇ ಇದೀನಿ. ಬೈದ್ರೆ ಬರೋದಿಲ್ಲ ಅದು."

ಚಹಾ ಆರಿತ್ತು. ಅದನ್ನು ಚೆಲ್ಲುವುದೋ ಕುಡಿಯುವುದೋ ಇಬ್ಬರಿಗೂ ಗೊತ್ತಾಗಲಿಲ್ಲ. ಕೊನೆಗೆ ಥರ್ಜಾ ತನ್ನದನ್ನು ಕುಡಿದು ಮುಗಿಸಿದಳು, ಬೇರೆಯವರ ಮನೆಯಲ್ಲಿ ಅರ್ಧ ಬಿಟ್ಟು ಏಳುವುದು ಅವಳಿಗೆ ಅಭ್ಯಾಸವಿರಲಿಲ್ಲ. ಆಂಬ್ರೋಸ್ ತನ್ನದನ್ನು ಹಾಗೆಯೇ ಬಿಟ್ಟು, ಕಾರಿನ ಕೀಲಿ ಹುಡುಕಿ, ರಸ್ತೆಯ ಸುತ್ತು ದಾರಿಯಲ್ಲಿ ಅವಳನ್ನು ಮನೆಯ ಗೇಟಿನವರೆಗೆ ಬಿಟ್ಟುಹೋದ. ಒಳಗೆ ಬಾ ಎಂದು ಅವಳು ಕರೆಯಲಿಲ್ಲ, ಅವನೂ ಇಳಿಯಲಿಲ್ಲ.

ಚಳಿಗಾಲ ಮುಗಿಯುವ ಹೊತ್ತಿಗೆ ರೋವೆನಾಳ ನಕ್ಷೆ ತಯಾರಾಯಿತು. ಲಾಸ್‌ಡೇಲಿನ ಸಭಾಮಂದಿರದಲ್ಲಿ ಅದನ್ನು ಗೋಡೆಗೆ ತೂಗುಹಾಕಿದರು. ಎರಡೂ ಕಣಿವೆಯವರು ನೋಡಲು ಬಂದಿದ್ದರು. ಪಶ್ಚಿಮಕ್ಕೆ ಹರಿಯುವ ನೆಲಕ್ಕೆಲ್ಲ ನೀಲಿ, ಪೂರ್ವದ್ದಕ್ಕೆ ಹಳದಿ. ಇವೆರಡರ ನಡುವಿನ ಗೆರೆ ಹಾಗ್ ಗುಡ್ಡದ ನೆತ್ತಿಯ ಮೇಲೆ ಚೆನ್ನಾಗಿಯೇ ಬಂದು, ಅರ್ನ್‌ಗಿಲ್ ಹತ್ತಿರ ತಡವರಿಸಿ, ನಿಂತುಹೋಗಿತ್ತು. ಅಲ್ಲಿ ಅಂಗೈಯಗಲದ ಜಾಗಕ್ಕೆ ನೀಲಿಯೂ ಹಳದಿಯೂ ಪಟ್ಟೆಪಟ್ಟೆಯಾಗಿ ಬಳಿದಿತ್ತು.

"ಇದೇನು, ಪೈಜಾಮದ ಬಟ್ಟೆ ಅಂಟಿಸಿದ ಹಾಗಿದೆ," ಎಂದ ಡೆನ್ನಿಸ್ ಹಿಂದಿನಿಂದ. ಜನ ನಕ್ಕರು.

"ಅಲ್ಲಿ ಗೆರೆ ಎಳೆಯೋಕಾಗಲ್ಲ," ಎಂದಳು ರೋವೆನಾ. "ಆಯಾ ದಿನ ನೀರು ಎಷ್ಟಿದೆ ಅನ್ನೋದರ ಮೇಲೆ ಹೋಗತ್ತೆ."

ಆಂಬ್ರೋಸ್ ತಡವಾಗಿ ಬಂದ. ಖಾಲಿ ಇದ್ದ ಕುರ್ಚಿಗಳನ್ನೆಲ್ಲ ನೋಡಿ, ಥರ್ಜಾಳ ಪಕ್ಕದ್ದರಲ್ಲಿ ಕೂತ. ಇಡೀ ಸಭಾಮಂದಿರ ಅವರಿಬ್ಬರನ್ನೂ ನೋಡಿ, ನೋಡದಂತೆ ನಟಿಸಿತು.

"ಹಾಗಾದ್ರೆ ಅರ್ನ್‌ಗಿಲ್ ಹುಲ್ಲುಗಾವಲು ಅರ್ಧ ನಂದು," ಎಂದ ಅವನು ನಕ್ಷೆಯ ಕಡೆ ಗಲ್ಲ ತೋರಿಸಿ.

"ಒಣಗಿದ ದಿನ ನಿನ್ನದು. ಮಳೆ ಬಂದ ದಿನ ನಿನ್ನ ಕುರಿ ಓಡಿಸ್ಕೊಂಡು ಹೋಗು."

"ನನ್ನ ಸೊಂಟದಲ್ಲಿ ಓಡಿಸಿದ ಹಾಗೇ ಇದೆ," ಎಂದ ಆಂಬ್ರೋಸ್. ಬೇಸಿಗೆಗೆ ಅವನ ಟಗರುಗಳೂ ಅವಳ ಕುರಿಗಳೂ ಅಲ್ಲಿ ಒಟ್ಟಿಗೆ ಮೇಯ್ದವು. ಅದಕ್ಕೆ ಯಾರೂ ಒಪ್ಪಂದ ಮಾಡಿಕೊಂಡಿರಲಿಲ್ಲ, ಯಾರೂ ಬೇಡವೆಂದೂ ಅನ್ನಲಿಲ್ಲ.

ಅಂದು ಸಭೆ ಮುಗಿದ ಮೇಲೆ ಅವನೇ ಅವಳನ್ನು ಮನೆಗೆ ಕರೆದುಕೊಂಡು ಹೊರಟ. ಗಾಜಿನ ಮೇಲೆ ತುಂತುರು ಬೀಳುತ್ತಿತ್ತು. ಕಾರು ಸೇತುವೆ ದಾಟಿತು.

"ಅವನು ನನ್ನ ವಿಷಯ ಏನಾದ್ರೂ ಹೇಳ್ತಿದ್ನಾ?" ಎಂದ ಆಂಬ್ರೋಸ್ ರಸ್ತೆಯಿಂದ ಕಣ್ಣು ತೆಗೆಯದೆ. "ಯಾವತ್ತಾದ್ರೂ?"

ಥರ್ಜಾ ಯೋಚಿಸಿದಳು. ಅವನಿಗೆ ಹಿತವಾಗುವ ಒಂದು ಮಾತು ಹೇಳಿಬಿಡಬಹುದಿತ್ತು. ಆದರೆ ಸೇರಿಸಿಕೊಂಡ ಮಾತುಗಳ ಫಲವನ್ನು ಅವಳು ನೋಡಿಯಾಗಿತ್ತು.

"ನಿನ್ನ ಹೆಸರು ಎತ್ತಿದ್ದು ನಾನು ಕೇಳಿಲ್ಲ," ಎಂದಳು. "ಆದ್ರೆ ಹಾಸಿಗೆ ಹಿಡಿದ ಮೇಲೆ, ಗುಡ್ಡದ ಮೇಲೆ ಜೋರು ಮಳೆ ಬಂದಾಗಲೆಲ್ಲ ಎಬ್ಬಿಸಿ ಕೂರಿಸು ಅಂತಿದ್ದ. ಕಿಟಕೀಲಿ ನಿಮ್ಮ ಕಡೆ ದಿಣ್ಣೆ ನೋಡ್ತಾ ಕೂರ್ತಿದ್ದ. ಕುರಿ ನೋಡ್ತಾನೆ ಅಂದ್ಕೊಂಡಿದ್ದೆ."

ಆಂಬ್ರೋಸ್ ಗೇರು ಬದಲಿಸಿ ಏರು ಹತ್ತಿಸಿದ.

"ಕುರಿ ಇದ್ದರೂ ಇರಬಹುದು," ಎಂದ.

"ಇರಬಹುದು," ಎಂದಳು ಥರ್ಜಾ.